ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ

ನಮ್ಮ ಮಾಮಾನಿಗೆ ತಲೆ ಸರಿ ಇಲ್ಲ ಎಂದು ನಾನಂತೂ ಹೇಳುವುದಿಲ್ಲ. ಹಾಗೆ ಹೇಳುವವರು ವಿಜಾಪುರದಲ್ಲಿ ಅವರಿರುವ ಜೋರಾಪುರ ಪೇಟೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರ ಕೆಲಸ ನಾನೇಕೆ ಕಸಿದುಕೊಳ್ಳಲಿ? ನಾನು ಹೇಳುವುದು ಇಷ್ಟೇ: ಪುಸ್ತಕ ಓದಲು ಕನ್ನಡಕ ಹುಡುಕಿದವರನ್ನು ನೋಡಿದ್ದೇನೆ, ಬೆಳಕು ಹುಡುಕಿದವರನ್ನೂ ನೋಡಿದ್ದೇನೆ. ಅರ್ಧ ಓದಿದ ಪುಸ್ತಕಕ್ಕೆ ಒಂದು "ಪ್ರದೇಶ" ಹುಡುಕಿಕೊಂಡು ಬಸ್ಸು ಹತ್ತಿದವರನ್ನು ನೋಡಿದ್ದು ಇವರೊಬ್ಬರನ್ನೇ!

ಮಾಮಾ ಎಂದರೆ ನನ್ನ ಸೋದರತ್ತೆಯ ಗಂಡ. ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಒಂದು ಕಾಲಕ್ಕೆ ಇವರ ಮನೆಯಲ್ಲಿ ಎಷ್ಟು ಪುಸ್ತಕಗಳಿದ್ದವೆಂದರೆ, ಹೋದವರು ಕೂಡಬೇಕಾದರೆ ಮೊದಲು ಯಾವುದಾದರೂ ಕಾದಂಬರಿಯನ್ನು ಎಬ್ಬಿಸಬೇಕಾಗುತ್ತಿತ್ತು. ಮಂಚದ ಕೆಳಗೆ ಪುಸ್ತಕ, ಜೋಳದ ಡಬ್ಬಿಯ ಮೇಲೆ ಪುಸ್ತಕ, ದೇವರ ಜಗಲಿಯ ಮೇಲೂ ಪುಸ್ತಕ. ದೇವರು ಯಾವ ಪುಟದಲ್ಲಿದ್ದಾನೆಂದು ಹುಡುಕಿ ದೀಪ ಹಚ್ಚಬೇಕು! "ನಾ ಲಗ್ನಾಗಿ ಬಂದ ದಿನಾನ ನೋಡಿದ್ನಿ ಬೇ, ಸವತಿ ನನಕಿಂತ ಮೊದಲ ಬಂದು ಕುಂತಿದ್ಲು" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಮಾಮಾ ಕೇಳಿದವರಿಗೆಲ್ಲ ಪುಸ್ತಕ ಕಡ ಕೊಡುತ್ತಿದ್ದರು. ಕೇಳದವರಿಗೂ ಕೊಡುತ್ತಿದ್ದರು. ಹಾಲಿನವನು "ನನಗ ಓದಾಕ ಬರೂದಿಲ್ರಿ" ಎಂದರೆ "ಚಿತ್ರಾ ನೋಡೋ" ಎಂದು ಕೈಗೆ ಹಿಡಿಸಿ ಕಳಿಸಿದ್ದುಂಟು. ತೊಂದರೆ ಶುರುವಾಗುತ್ತಿದ್ದುದು ತಿರುಗಿ ಕೊಡುವಾಗ. ನಮ್ಮ ಕಡೆ ನೆರೆಮನೆಯಿಂದ ಭಾಂಡೆಯಲ್ಲಿ ಪಲ್ಯವೋ ಸಾರೋ ಬಂದರೆ ಆ ಭಾಂಡೆಯನ್ನು ಖಾಲಿ ತಿರುಗಿ ಕಳಿಸುವುದಿಲ್ಲ. ಒಂದು ಹಿಡಿ ಸಕ್ಕರೆಯನ್ನೋ ನಾಲ್ಕು ನಿಂಬೆಹಣ್ಣನ್ನೋ, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಇಟ್ಟು ಕಳಿಸಬೇಕು. ಈ ಕಾಯಿದೆಯನ್ನು ಮಾಮಾ ಪುಸ್ತಕಕ್ಕೂ ಹಚ್ಚಿಬಿಟ್ಟಿದ್ದರು.

"ಖಾಲಿ ಭಾಂಡೆ ತಿರುಗಿ ಕೊಡತಾರೇನ್ರಿ? ಪುಸ್ತಕಾನೂ ಹಂಗ. ಏನರ ಇಟ್ಟು ಕೊಡ್ರಿ."

ಹೀಗಾಗಿ ಮಾಮಾನ ಪುಸ್ತಕ ತೆರೆದರೆ ಬೇವಿನ ಎಲೆ, ನವಿಲುಗರಿ, ಬಸ್ ಟಿಕೀಟು, ಚೆಂಡುಹೂವಿನ ಎಸಳು ಉದುರುತ್ತಿದ್ದವು. ಒಬ್ಬ ವಕೀಲರು ಏನೂ ಸಿಗದೆ ಒಂದು ಒಣ ಮೆಣಸಿನಕಾಯಿ ಇಟ್ಟು ಕೊಟ್ಟರು. ಆ ಕವನ ಸಂಕಲನವನ್ನು ಆಮೇಲೆ ಓದಿದವರೆಲ್ಲ ಕಣ್ಣೀರು ಹಾಕಿದರು, ಕವಿಗೆ ಓಣಿಯಲ್ಲಿ ಒಳ್ಳೆಯ ಹೆಸರು ಬಂತು!

ಮಾಮಾ ಕೆಂಡವಾಗುತ್ತಿದ್ದುದು ಒಂದೇ ವಿಷಯಕ್ಕೆ. ಎಷ್ಟೋ ಪುಸ್ತಕಗಳ ಪುಟದ ಮೂಲೆಯಲ್ಲಿ ಅರಿಶಿಣದ ಬೆರಳಿನ ಗುರುತು ಇರುತ್ತಿತ್ತು. "ಯಾರಲೇ ಅಂವ, ಅಡಗಿ ಕೈಲೆ ಪುಸ್ತಕ ಮುಟ್ಟಾಂವ?" ಎಂದು ಕಡ ಒಯ್ದವರನ್ನೆಲ್ಲ ವಿಚಾರಣೆ ಮಾಡಿದರು. ಕೊನೆಗೆ ಓಣಿಯ ತುದಿಯ ಖಾನಾವಳಿಯವರ ಮೇಲೆ ಗುಮಾನಿ ಬಂದು, ಅವರಿಗೆ ಪುಸ್ತಕ ಕೊಡುವುದನ್ನೇ ಬಂದ್ ಮಾಡಿದರು. ಪಾಪ, ಅವರು ದೇವರಾಣೆ ಮಾಡಿದರೂ ಮಾಮಾ ಕೇಳಲಿಲ್ಲ. ಅರಿಶಿಣದ ಗುರುತು ಮಾತ್ರ ನಿಲ್ಲಲಿಲ್ಲ.

ಇಷ್ಟೆಲ್ಲ ಇದ್ದೂ ಮಾಮಾ ಪೂರ್ತಿ ಓದಿದ ಪುಸ್ತಕ ಬಹಳ ಕಡಿಮೆ ಎಂದರೆ ನಂಬುತ್ತೀರಾ? ಅರ್ಧ ಓದುವುದರೊಳಗೆ ಯಾರಾದರೂ ಬಂದು ಕೇಳುತ್ತಿದ್ದರು, ಇವರು ಕೊಟ್ಟುಬಿಡುತ್ತಿದ್ದರು. ಅದು ತಿರುಗಿ ಬರುವ ಹೊತ್ತಿಗೆ ಇವರು ಇನ್ನೊಂದರ ಅರ್ಧದಲ್ಲಿರುತ್ತಿದ್ದರು. ಕೇಳಿದರೆ, "ಮುಂದಿಂದು ಯಾವಾಗರ ಓದಿದ್ರಾತು. ಎಲ್ಲಿ ಓಡಿ ಹೋಗತೈತಿ, ಮನ್ಯಾಗ ಐತಲ್ಲ!" ಎನ್ನುತ್ತಿದ್ದರು.

ಓಡಿಹೋದದ್ದು ಪುಸ್ತಕವಲ್ಲ, ಕಣ್ಣು. ಆಪರೇಷನ್ ಆದರೂ ಸಣ್ಣ ಅಕ್ಷರ ಕಾಣದಾಯಿತು. ಹುಬ್ಬಳ್ಳಿಯಲ್ಲಿರುವ ಮಗಳು ಒಂದು ಟ್ಯಾಬ್ ತಂದುಕೊಟ್ಟಳು. ಎರಡು ಬೆರಳಿಟ್ಟು ಅಗಲಿಸಿದರೆ ಅಕ್ಷರ ಹಿಗ್ಗುತ್ತದೆ ಎಂದು ಗೊತ್ತಾದ ದಿನ ಮಾಮಾ ಒಂದೊಂದು ಅಕ್ಷರವನ್ನೂ ರೊಟ್ಟಿಯಷ್ಟು ಅಗಲ ಮಾಡಿ, ಪರದೆಯ ಮೇಲೆ ನಾಲ್ಕೇ ಶಬ್ದ ಉಳಿಸಿಕೊಂಡು, ಸಂಜೆಯವರೆಗೆ ಓದಿದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮನೆಯಲ್ಲಿದ್ದ ಪುಸ್ತಕಗಳನ್ನೇ ಮತ್ತೊಮ್ಮೆ ಟ್ಯಾಬಿನಲ್ಲಿ ಕೊಂಡರು. ಕೊಳ್ಳುವ ಮೊದಲು ಅದು ಏನೋ ಒಂದು ಉದ್ದನೆಯ ಕರಾರು ತೋರಿಸಿ, ಕೆಳಗೆ "ಒಪ್ಪುತ್ತೇನೆ" ಎಂಬ ಗುಂಡಿ ಇಡುತ್ತಿತ್ತು. ಮಾಮಾ ಓದದೆ ಒತ್ತುತ್ತಿದ್ದರು. "ಓದಿ ಒತ್ತಬೇಕಲ್ರಿ ಮಾಮಾ" ಎಂದೆ. "ಲಗ್ನ ಆದಾಗಿಂದ ನಾ ಎಲ್ಲಾದಕ್ಕೂ ಓದಲಾರದನ ಒಪ್ಪಿಕೋತ ಬಂದೀನಿ ತಂಗಿ, ಏನೂ ಕೆಟ್ಟಾಗಿಲ್ಲ" ಎಂದರು. ಅಡುಗೆಮನೆಯಿಂದ ಒಂದು ಭಾಂಡೆ ಸಪ್ಪಳವಾಯಿತು.

ಆಮೇಲೆ ಬಂತು ನೋಡಿ ಮಹಾತ್ಯಾಗ! "ಎಲ್ಲಾ ಇದರಾಗ ಅದಾವು. ಕಾಗದದ್ದು ಯಾಕ ಬೇಕು? ನಮ್ಮೂರ ಹುಡುಗೂರು ಓದ್ಲಿ" ಎಂದು ಟಂಟಂ ಗಾಡಿಗಳನ್ನು ಕರೆಸಿ, ಅಷ್ಟೂ ಪುಸ್ತಕಗಳನ್ನು ತಿಕೋಟಾದ ಆಚೆಗಿನ ತಮ್ಮ ಹುಟ್ಟೂರಿನ ತರುಣ ಸಂಘದ ವಾಚನಾಲಯಕ್ಕೆ ಕಳಿಸಿಬಿಟ್ಟರು. ಊರವರು ಹಾರ ಹಾಕಿದರು. ಅಥಣಿ ರಸ್ತೆಯ ಲೇಔಟಿನಲ್ಲಿರುವ ನಾನು ಸುದ್ದಿ ಕೇಳಿ ಪೇಟೆಗೆ ಓಡಿಬಂದೆ. ಅತ್ತೆ ಖಾಲಿ ಕೋಣೆಯನ್ನು ಗುಡಿಸುತ್ತಿದ್ದರು.

"ಸವತಿ ಹೋದ್ಲಲ್ಲ ಅತ್ತಿ, ಹೋಳಿಗಿ ಮಾಡ್ರಿ!" ಎಂದೆ.

ಅತ್ತೆ ನಗಲಿಲ್ಲ. ಗುಡಿಸಿದ್ದನ್ನೇ ಮತ್ತೆ ಗುಡಿಸಿದರು. "ಮಾತಾಡಿದ್ರ ದನಿ ತಿರುಗಿ ಬರಾಕತ್ತೈತಿ ಬೇ" ಎಂದರು.

ಅದಾದ ಮರುವರ್ಷ ಅತ್ತೆಯ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮುಂಜಾನೆ ಮಲಗಿದರೆ ಮಧ್ಯಾಹ್ನದವರೆಗೆ ಯಂತ್ರ ರಕ್ತ ತೊಳೆಯುತ್ತಿರುತ್ತದೆ. ಮನುಷ್ಯ ಛಾವಣಿ ನೋಡುತ್ತಿರಬೇಕು. ಮೊದಲ ದಿನವೇ ಮಾಮಾ ಸ್ಟೂಲಿನ ಮೇಲೆ ಕುಳಿತು, ಟ್ಯಾಬ್ ತೆಗೆದು, ಅತ್ತೆಗೆ ಒಂದು ಕಾದಂಬರಿಯನ್ನು ಗಟ್ಟಿಯಾಗಿ ಓದಲು ಶುರು ಮಾಡಿದರು. ಗಟ್ಟಿಯಾಗಿ ಎಂದರೆ ಡಿಪೋದಲ್ಲಿ ಡ್ರೈವರನನ್ನು ಕೂಗಿ ಕರೆಯುವಷ್ಟು ಗಟ್ಟಿಯಾಗಿ. "ಯಜಮಾನ್ರ, ಇದು ದವಾಖಾನಿರಿ!" ಎಂದು ಸಿಸ್ಟರ್ ಬೈಯಲು ಬಂದವಳು, ಬಂದ ಕಾಲಲ್ಲೇ ನಿಂತು ಕೇಳಿ, "ಆಮ್ಯಾಲೇನಾತ್ರಿ?" ಎಂದಳು. ಅಲ್ಲಿಗೆ ಇಡೀ ವಾರ್ಡು ಮಾಮಾನ ವಶವಾಯಿತು.

ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಹುಡುಕಲು ಹೊರಡುತ್ತೀರಿ, ಸಿಗುವುದಿಲ್ಲ, ಶಾಪ ಮಾತ್ರ ನನಗೆ ತಟ್ಟುತ್ತದೆ. ಅದರಲ್ಲಿ ಶಂಕ್ರವ್ವ ಎಂಬ ಹೆಣ್ಣುಮಗಳು ಗಂಡನ ಮನೆಯಲ್ಲಿ ಜೀವ ತೇಯ್ದು ಸಾಕಾಗಿ, ಒಂದು ದಿನ ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೆ ಬರುತ್ತಾಳೆ. ಹೊಳೆ ತುಂಬಿದೆ, ಅಂಬಿಗ ತೆಪ್ಪ ಹಚ್ಚಿದ್ದಾನೆ, ಹಿಂದೆ ಗಂಡ ಕೂಗುತ್ತ ಓಡಿಬರುತ್ತಿದ್ದಾನೆ.

ಪಕ್ಕದ ಹಾಸಿಗೆಯಲ್ಲಿ ಬಬಲೇಶ್ವರದ ಒಬ್ಬ ಚಾಚಾ ಇರುತ್ತಿದ್ದರು. ದ್ರಾಕ್ಷಿ ತೋಟದವರು, ಒಣದ್ರಾಕ್ಷಿ ಮಾಡಿ ಮಾರುವವರು. ಕಿಡ್ನಿ ಕೆಟ್ಟವರು ಒಣದ್ರಾಕ್ಷಿ ತಿನ್ನಬಾರದಂತೆ. "ನಸೀಬ ನೋಡ್ರಿ. ಮನಿ ತುಂಬ ಒಣದ್ರಾಕ್ಷಿ ಐತಿ, ಒಂದು ಕಾಳು ಬಾಯಾಗ ಹಾಕ್ಕೊಂಡ್ರ ಡಾಕ್ಟರು ಕಣ್ಣು ಕೆಂಪು ಮಾಡ್ತಾರ" ಎಂದು ನಗುತ್ತಿದ್ದರು. ಕಥೆ ಕೇಳಿ ಕೇಳಿ ಅವರಿಗೆ ಓದುವ ಹುಚ್ಚು ಹತ್ತಿತು. ಒಂದು ದಿನ ಮಾಮಾನನ್ನು ಕೇಳಿಯೇಬಿಟ್ಟರು: "ಇದರಾಗ ಬ್ಯಾರೇ ಪುಸ್ತಕಾನೂ ಅದಾವಂತಲ್ರಿ. ಒಂದು ಕಡಾ ಕೊಡ್ರಿ, ಓದಿ ತಂದು ಕೊಡ್ತೀನಿ."

ಎಷ್ಟೋ ದಿನದ ಮೇಲೆ ಒಬ್ಬರು ಬಾಯಿಬಿಟ್ಟು ಪುಸ್ತಕ ಕಡ ಕೇಳಿದ್ದಾರೆ! ಮಾಮಾನ ಮುಖ ಅರಳಿತು. ಟ್ಯಾಬನ್ನು ಎಲ್ಲ ಕಡೆ ಒತ್ತಿ ನೋಡಿದರು. ಕೊಡುವ ದಾರಿ ಕಾಣಲಿಲ್ಲ. ನನಗೆ ಫೋನು ಬಂತು.

"ಕೊಡಾಕ ಬರೂದಿಲ್ರಿ ಮಾಮಾ. ಅದು ನಿಮ್ಮ ಟ್ಯಾಬಿನ್ಯಾಗ ಅಷ್ಟ ಓದಾಕ ಬರತೈತಿ."

"ಅಂದ್ರ ಪುಸ್ತಕ ಕಡಾ ಕೊಡಬೇಕಂದ್ರ ಕಪಾಟನ ಹೊತ್ತು ಕೊಡಬೇಕೇನು?"

"ಹೂಂ ಅನ್ರಿ."

ಮಾಮಾ ಕಪಾಟನ್ನೇ ಹೊತ್ತು ಕೊಟ್ಟರು! ಚಾಚಾ ಟ್ಯಾಬನ್ನು ಬಬಲೇಶ್ವರಕ್ಕೆ ಒಯ್ದು, ಮುಂದಿನ ಸಲ ತಿರುಗಿ ತಂದರು. "ಓದಿದ್ರೇನ್ರಿ?" ಎಂದು ಮಾಮಾ ಆಸೆಯಿಂದ ಕೇಳಿದರೆ ಚಾಚಾ ತಲೆ ಅಲ್ಲಾಡಿಸಿದರು. "ತೆಗಿಯಾಕ ಹೋದ್ರ ನಿಮ್ಮ ಹೆಬ್ಬೆಟ್ಟು ಕೇಳತೈತ್ರಿ ಯಪ್ಪಾ! ಮೊದಲ ಓದಾಕ ಬರಲಾರದವ್ರು ಹೆಬ್ಬೆಟ್ಟು ಒತ್ತತಿದ್ರು. ಈಗ ಓದಬೇಕಂದ್ರನ ಹೆಬ್ಬೆಟ್ಟು ಒತ್ತಬೇಕಂತ. ಎಂಥಾ ಕಾಲ ಬಂತ್ರಿ!" ಓದದಿದ್ದರೂ ಚಾಚಾ ಕಾಯಿದೆ ಮುರಿದಿರಲಿಲ್ಲ. ಅತ್ತೆಯಿಂದ ಮಾಮಾನ ಪದ್ಧತಿ ಕೇಳಿ ತಿಳಿದುಕೊಂಡು, ಟ್ಯಾಬಿನ ಚೀಲದೊಳಗೆ ಒಂದು ಹಿಡಿ ಒಣದ್ರಾಕ್ಷಿ ಹಾಕಿ ತಂದಿದ್ದರು. ಪರದೆಯೆಲ್ಲ ಅಂಟಂಟು! ಮಾಮಾ ಅದನ್ನು ಧೋತರದಿಂದ ಒರೆಸಿಕೊಂಡು, ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ಓದು ಮುಂದುವರಿಸಿದರು. ಅಷ್ಟು ಸಂತೋಷವಾಗಿದ್ದ ಮಾಮಾನನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಆವತ್ತು ಶಂಕ್ರವ್ವನ ಒಂದು ಕಾಲು ದಂಡೆಯ ಮೇಲೆ, ಇನ್ನೊಂದು ಕಾಲು ತೆಪ್ಪದಲ್ಲಿ. ವಾರ್ಡಿನಲ್ಲಿ ಎರಡು ಪಕ್ಷಗಳಾದವು. "ಹೋಗ್ಲಿ ಬಿಡ್ರಿ, ಅಂಥಾ ಗಂಡನ ಜೋಡಿ ಯಾಕಿರಬೇಕು?" ಎಂದಳು ಸಿಸ್ಟರ್. "ಹತ್ತಬಾರದ್ರಿ, ಹೊಳಿ ತುಂಬಿ ಬಂದೈತಿ" ಎಂದರು ಚಾಚಾ. ಅತ್ತೆ ಮಾತ್ರ ಯಾವ ಪಕ್ಷಕ್ಕೂ ಸೇರದೆ ಕಣ್ಣು ಮುಚ್ಚಿ ಸಣ್ಣಗೆ ನಗುತ್ತಿದ್ದರು. ಅಷ್ಟರಲ್ಲಿ ಯಂತ್ರ ಸೀಟಿ ಹೊಡೆಯಿತು. ಮಾಮಾ ಟ್ಯಾಬ್ ಮುಚ್ಚಿದರು. "ಮುಂದಿಂದು ಮುಂದಿನ ಸಲ. ಎಲ್ಲಿ ಓಡಿ ಹೋಗತೈತಿ, ಇದರಾಗ ಐತಲ್ಲ!"

ಮರುದಿನ ಮುಂಜಾನೆ ಓಡಿಹೋಗಿತ್ತು.

ಟ್ಯಾಬ್ ತೆರೆದರೆ ಪುಸ್ತಕದ ರಕ್ಷಾಪುಟ ಬೂದಿಬಣ್ಣಕ್ಕೆ ತಿರುಗಿತ್ತು. ಒತ್ತಿದರೆ ಒಂದೇ ಸಾಲು: "ಈ ಪುಸ್ತಕವು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ." ಮಾಮಾ ಅಲ್ಲಿದ್ದ ನಂಬರಿಗೆ ಫೋನು ಹಚ್ಚಿದರು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಬೆಂಗಳೂರಿನ ಕಡೆಯ ಒಬ್ಬ ಹುಡುಗಿ ಸಿಕ್ಕಳು.

"ಸರ್, ಆ ಪುಸ್ತಕದ ಹಕ್ಕುಗಳ ಅವಧಿ ಮುಗಿದಿದೆ ಸರ್."

"ನಾ ರೊಕ್ಕಾ ಕೊಟ್ಟು ತಗೊಂಡೀನವ್ವಾ."

"ಸರ್, ನೀವು ಪುಸ್ತಕ ತಗೊಂಡಿಲ್ಲ ಸರ್. ಓದೋ ಪರವಾನಗಿ ತಗೊಂಡಿದ್ದೀರ."

"ಪರವಾನಗಿ? ನಾ ಏನು ಬಂದೂಕ ತಗೊಂಡೀನೇನು?"

"ನೀವೇ ಒಪ್ಪುತ್ತೇನೆ ಅಂತ ಒತ್ತಿದ್ದೀರಲ್ಲ ಸರ್!"

ಹಣ ತಿರುಗಿ ಹಾಕುತ್ತೇವೆ ಎಂದು ಹುಡುಗಿ ಬಹಳ ಮರ್ಯಾದೆಯಿಂದ ಹೇಳಿ ಫೋನಿಟ್ಟಳು. ಹಣ ಬಂತು ಕೂಡ. ಯಾರಿಗೆ ಬೇಕಿತ್ತು?

ಆಮೇಲಿನ ಎರಡು ಸಲವೂ ವಾರ್ಡಿನಲ್ಲಿ ಮಾಮಾ ಸುಳ್ಳು ಹೇಳಿದರು: ಚಾರ್ಜ್ ಇಲ್ಲ. ಚಾಚಾ ಆಗಲೇ ಬಹಳ ಸೋತಿದ್ದರು. ಕಾಲು ಬಾತಿದ್ದವು. ಆದರೂ ಕೊರಳು ಹೊರಳಿಸಿ ಹೇಳಿದರು: "ಲಗೂನ ಚಾರ್ಜ್ ಮಾಡ್ರಿ ಯಪ್ಪಾ. ನನ್ನ ಬ್ಯಾಟರೀನೂ ಮುಗಿಯಾಕ ಬಂದೈತಿ." ಎಲ್ಲರೂ ನಕ್ಕರು. ಮಾಮಾ ನಗಲಿಲ್ಲ. ಅತ್ತೆಯನ್ನು ಮನೆಗೆ ಮುಟ್ಟಿಸಿ ನೇರವಾಗಿ ನನ್ನ ಮನೆಗೆ ಬಂದರು.

"ನಿಮ್ಮ ಲೇಔಟ್ ಹೊಸಾದು. ಇಲ್ಲಿ ಲಭ್ಯ ಇರಬೌದು" ಎಂದು ಟ್ಯಾಬ್ ಹಿಡಿದು ಮಾಳಿಗೆ ಹತ್ತಿದರು!

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಮಾಮಾ, ಪ್ರದೇಶ ಅಂದ್ರ ಪ್ಯಾಟಿ, ಲೇಔಟ್ ಅಲ್ರಿ. ದೇಶ ಅಂತ ಅರ್ಥ."

"ಹೌದಾ? ಇದು ಕನ್ನಡ ಪುಸ್ತಕ. ಕನ್ನಡ ಪುಸ್ತಕ ವಿಜಾಪುರದಾಗ ಲಭ್ಯ ಇಲ್ಲಂದ್ರ ಮತ್ತೆಲ್ಲಿ ಐತಿ, ಜರ್ಮನ್ಯಾಗ ಐತೇನು?"

ಇದಕ್ಕೆ ಉತ್ತರ ನಿಮ್ಮಲ್ಲಿ ಇದ್ದರೆ ತಿಳಿಸಿ.

ಮಾಮಾ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. "ಪ್ರದೇಶ" ಎಂಬ ಶಬ್ದ ಅವರ ಹಳೆಯ ಗಾಯಕ್ಕೆ ತಾಗಿತ್ತು. "ರೈಲು ಕೇಳಿದ್ವಿ, ತಡಾ ಮಾಡಿದ್ರು. ನೀರು ಕೇಳಿದ್ವಿ, ತಡಾ ಮಾಡಿದ್ರು. ಹಿಂದುಳಿದ ಪ್ರದೇಶ, ಹಿಂದುಳಿದ ಪ್ರದೇಶ ಅಂದು ಅಂದು, ಈಗ ಬಂದ ಕಾದಂಬರೀನೂ ತಿರುಗಿ ಒಯ್ದ್ರೇನು?" ಎಂದು ನನ್ನ ಮಾಳಿಗೆಯ ಮೇಲೆ ನಿಂತು ಭಾಷಣ ಮಾಡಿದರು. ಒಣಗಲು ಹಾಕಿದ್ದ ಶಾವಿಗೆ ಮಾತ್ರ ಕೇಳಿಸಿಕೊಂಡಿತು.

ಮರುದಿನ ಮಾಮಾ ತಿಕೋಟಾದ ಕಡೆಯ ಬಸ್ಸು ಹತ್ತಿದರು. ಒಬ್ಬರೇ ಹೋದರೆ ಎಲ್ಲಿಯಾದರೂ ಬಿದ್ದಾರೆಂದು ನಾನೂ ಹತ್ತಿದೆ. ಇಟ್ಟಂಗಿಹಾಳದ ಹತ್ತಿರ ಟ್ಯಾಬ್ ತೆರೆದರು, ಲಭ್ಯವಿಲ್ಲ. ತಿಕೋಟಾ ಬಂತು, ಲಭ್ಯವಿಲ್ಲ. ಹಳೆಯ ಪರಿಚಯದ ಕಂಡಕ್ಟರ್ ಕೇಳಿದ: "ಏನ್ ಹುಡುಕಾಕತ್ತೀರಿ ಸಾಹೇಬ್ರ, ರೇಂಜ್ ಏನು?" ಮಾಮಾ ಹೇಳಿದರು: "ರೇಂಜ್ ಐತೋ ತಮ್ಮಾ, ಹಕ್ಕಿಲ್ಲ." ಕಂಡಕ್ಟರನಿಗೆ ಏನು ತಿಳಿಯಿತೋ, ನಮ್ಮಿಬ್ಬರಿಗೂ ಕಿಟಕಿಯ ಸೀಟು ಬಿಡಿಸಿಕೊಟ್ಟ.

ನಿಜ ಹೇಳಬೇಕೆಂದರೆ ಮಾಮಾ ಹೊರಟಿದ್ದು ಹುಟ್ಟೂರಿಗೆ. ಅಲ್ಲಿಗೆ ಕಳಿಸಿದ ಪುಸ್ತಕಗಳಲ್ಲಿ ಇದೇ ಕಾದಂಬರಿಯ ಕಾಗದದ ಪ್ರತಿ ಇತ್ತಲ್ಲ! ಬೇರೆ ಕಡೆ ನಾನು ಆಗಲೇ ಹುಡುಕಿಸಿದ್ದೆ. ವಿಜಾಪುರದಲ್ಲಿ ಯಾರ ಬಳಿಯೂ ಇರಲಿಲ್ಲ. ಅಚ್ಚು ಹಾಕಿದವರು ತೀರಿಕೊಂಡಿದ್ದರು, ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಿದ್ದರು. ಇನ್ನು ಉಳಿದದ್ದು ಈ ವಾಚನಾಲಯ ಒಂದೇ.

ವಾಚನಾಲಯದ ಬಾಗಿಲ ಮೇಲೆ ಹೊಸ ಬೋರ್ಡು ಬಂದಿತ್ತು: ಡಿಜಿಟಲ್ ವಾಚನಾಲಯ. ಒಳಗೆ ಗೋಡೆಗೆ ಸಾಲಾಗಿ ಕಂಪ್ಯೂಟರುಗಳು, ಅವುಗಳ ಮೇಲೆ ಹೂವಿನ ಚಿತ್ತಾರದ ಬಟ್ಟೆ. ಕರೆಂಟು ಇರಲಿಲ್ಲ. ನೋಡಿಕೊಳ್ಳುವ ಹೆಣ್ಣುಮಗಳು ಮಾಮಾನ ಗುರುತು ಹಿಡಿದು ಕಾಲಿಗೆ ನಮಸ್ಕಾರ ಮಾಡಿದಳು.

"ನನ್ನ ಪುಸ್ತಕ ಎಲ್ಲದಾವ ತಂಗಿ?"

"ಜಾಗಾ ಸಾಲಲಿಲ್ರಿ ಕಾಕಾರ. ಚೀಲದಾಗ ಕಟ್ಟಿ ಹಿಂದಿನ ಖೋಲ್ಯಾಗ ಇಟ್ಟಿದ್ರು. ಎಲ್ಲಾ ಆನ್‌ಲೈನ್ ಸಿಗತಾವಲ್ಲ ಅಂದ್ರು ಸಂಘದವ್ರು."

ಹಿಂದಿನ ಕೋಣೆ ತೆರೆದು ತೋರಿಸಿದಳು. ಚೀಲಗಳು ಇದ್ದವು. ಮುಟ್ಟಿದರೆ ಕುಸಿದವು. ಒಳಗೆ ಗೆದ್ದಲು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದನ್ನೂ ಅರ್ಧಕ್ಕೆ ಬಿಡದೆ, ಓದಿ ಮುಗಿಸಿತ್ತು. ಆ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಮಾ ಒಂದು ಹಿಡಿ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದರು. ಅದರಲ್ಲಿ ಒಂದು ನವಿಲುಗರಿಯ ಕಡ್ಡಿ ಇತ್ತು.

"ಗೆದ್ದಲಿಗೆ ಪರವಾನಗಿ ಬೇಕಾಗಿಲ್ಲ ನೋಡು" ಎಂದರು. ಅದು ಚೇಷ್ಟೆಯೋ ಅಳುವೋ ನನಗೆ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಟ್ಯಾಬ್ ತೆರೆಯಲಿಲ್ಲ. ತಿಕೋಟಾ ಸ್ಟ್ಯಾಂಡಿನಲ್ಲಿ ನಾನು ಮಿರ್ಚಿ ಭಜಿ ಕೊಡಿಸಿದೆ. ಸುತ್ತಿದ ಕಾಗದವನ್ನು ಬಿಡಿಸಿ, ಎಣ್ಣೆ ಒರೆಸಿ, ಎರಡೂ ಬದಿ ತಿರುಗಿಸಿ ನೋಡಿದರು. ಯಾವುದೋ ಹಳೆಯ ಪ್ರಶ್ನೆಪತ್ರಿಕೆ. ಮನುಷ್ಯನ ಆಸೆ ಎಲ್ಲೆಲ್ಲಿ ಹೋಗಿ ಕೂಡುತ್ತದೆ ನೋಡಿ!

ಮುಂದಿನ ಸಲ ವಾರ್ಡಿಗೆ ಹೋದಾಗ ಚಾಚಾನ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಆ ವಾರ್ಡಿನಲ್ಲಿ ಯಾರೂ ಯಾರನ್ನೂ ಏನಾಯಿತೆಂದು ಕೇಳುವುದಿಲ್ಲ. ಚಾದರ ಬದಲಾಗಿದ್ದರೆ ತಿಳಿದುಕೊಳ್ಳಬೇಕು.

ಮರುದಿನ ಮಾಮಾ ಬಬಲೇಶ್ವರಕ್ಕೆ ಹೊರಟರು. ನಾನೂ ಜೊತೆಗೆ ಹೋದೆ. ಮಾಮಾನ ಕಂಕುಳಲ್ಲಿ ಟ್ಯಾಬು! "ಮಣ್ಣಾದ ಮನಿಗೆ ಇದನ್ನ ಯಾಕ ತಂದ್ರಿ ಮಾಮಾ? ಅಲ್ಲೂ ಪ್ರದೇಶ ನೋಡಾವ್ರೇನು?" ಎಂದು ಸಿಟ್ಟಿನಿಂದಲೇ ಕೇಳಿದೆ. ಮಾಮಾ ಅದನ್ನು ಇನ್ನೊಂದು ಕಂಕುಳಿಗೆ ಸರಿಸಿಕೊಂಡು ನಡೆದರು.

ಚಾಚಾನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಮಗಳು ಬಂದು ಕುಳಿತಳು. ಮಕ್ಕಳಿಗೆ ಪಾಠ ಹೇಳುವ ಟೀಚರ್ ಅಂತೆ. ಮಾಮಾ ಯಾರೆಂದು ತಿಳಿದ ಕೂಡಲೇ ಅವಳ ಮುಖ ಬದಲಾಯಿತು.

"ನೀವ ಏನ್ರಿ ಅವ್ರು? ಅಬ್ಬಾ ಕಡೀ ತನಕ ಒಂದ ಕೇಳಿದ್ರು ಕಾಕಾ. 'ಆಕಿ ಹತ್ತಿದ್ಲೋ ಇಲ್ಲೋ, ಆಕಿ ಹತ್ತಿದ್ಲೋ ಇಲ್ಲೋ.' ನಮಗೇನು ಗೊತ್ರಿ? ಬಸ್ ಹತ್ತಿದ ಬೀಗರು ಯಾರೋ ಇರಬೇಕಂತ ಎಲ್ಲಾರಿಗೂ ಫೋನ್ ಹಚ್ಚಿ ಕೇಳಿದ್ವಿ. 'ಎಲ್ಲಾರೂ ಹತ್ಯಾರ, ಎಲ್ಲಾರೂ ಊರು ಮುಟ್ಯಾರ ಅಬ್ಬಾ' ಅಂದ್ವಿ. ತಲಿ ಅಳ್ಳಾಡಿಸಿದ್ರು, ಆಕಿ ಅಲ್ಲ ಅಂತ. ಆಮ್ಯಾಲ ದವಾಖಾನಿ ಸಿಸ್ಟರ್ ಹೇಳಿದ್ರು, ಅದು ನೀವು ಓದತಿದ್ದ ಕಥಿ ಅಂತ. ಏನಾತ್ರಿ ಕಾಕಾ? ಹತ್ತಿದ್ಲೇನು?"

ಮಾಮಾ ಕನ್ನಡಕ ಹಾಕಿಕೊಂಡರು. ಟ್ಯಾಬ್ ತೆರೆದರು. ನಾನು ಪಕ್ಕದಲ್ಲೇ ಇದ್ದೆ. ಪರದೆಯ ಮೇಲೆ ಇದ್ದುದು ಅದೇ ಸಾಲು, ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ. ಮಾಮಾ ಎರಡು ಬೆರಳಿಟ್ಟು ಆ ಸಾಲನ್ನು ಅಗಲಿಸುವವರ ಹಾಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಓದಿದರು:

"ಶಂಕ್ರವ್ವ ತೆಪ್ಪದಲ್ಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಬರುವುದಿಲ್ಲ, ನೀನು ಹೋಗು ಎಂದಳು. ಖಾಲಿ ತೆಪ್ಪ ತಿರುಗಿ ಒಯ್ಯಬಾರದವ್ವಾ ಎಂದ ಅಂಬಿಗ. ಆಕೆ ತನ್ನ ಬುತ್ತಿಯ ಗಂಟನ್ನು ತೆಪ್ಪದಲ್ಲಿಟ್ಟಳು. ಆಮೇಲೆ ಮನೆಯ ದಾರಿ ಹಿಡಿದಳು."

ಇದು ಯಾವ ಲೇಖಕನೂ ಬರೆದದ್ದಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು. ಖಾಲಿ ತಿರುಗಿ ಕಳಿಸಬಾರದೆಂಬ ಕಾಯಿದೆ ಪ್ರಪಂಚದಲ್ಲಿ ಯಾರದ್ದು? ಹಕ್ಕುಗಳವರು ಕೇಳಿದ್ದರೆ ಇದಕ್ಕೂ ಒಂದು ದಂಡ ಹಾಕುತ್ತಿದ್ದರೇನೋ. ಆ ಮಗಳು ಮಾತ್ರ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. "ಹತ್ತಬಾರದು ಅಂತಿದ್ರು ಅಬ್ಬಾ" ಎಂದಳು. ನಾವು ಏಳುವಾಗ ಟ್ಯಾಬಿನ ಚೀಲ ಇಸಿದುಕೊಂಡು ಒಳಗೆ ಹೋಗಿ ಬಂದಳು. ಚೀಲದ ತುಂಬ ಒಣದ್ರಾಕ್ಷಿ.

ದಾರಿಯಲ್ಲಿ ಮಾಮಾ ಕೇಳಿದರು, "ಸುಳ್ಳು ಓದಿದ್ದು ತಪ್ಪಾತೇನವಾ?" ನಾನು ಏನಾದರೂ ಹೇಳುವ ಮೊದಲೇ ಕಿಟಕಿಯ ಕಡೆ ಮುಖ ತಿರುಗಿಸಿದರು. "ಹೊಳಿ ತುಂಬಿ ಬಂದೈತಿ. ಆಕಿನ್ನ ಹೆಂಗ ಹತ್ತಿಸ್ಲಿ ನಾ?"

ಮುಂದಿನ ಡಯಾಲಿಸಿಸ್ ದಿನ ಮಾಮಾ ವಾರ್ಡಿನಲ್ಲೂ ಅದನ್ನೇ ಓದಿದರು. ಸಿಸ್ಟರಿಗೆ ಬೇಸರವಾಯಿತು, ಆಕೆ ಹೋಗುವ ಪಕ್ಷದವಳಲ್ಲವೇ? ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಅವರ ಕೈ ಈಗ ಬಹಳ ಬಡವಾಗಿದೆ. ಸೂಜಿ ಚುಚ್ಚಲು ಜಾಗವೇ ಸಿಗುವುದಿಲ್ಲ. ಮಾಮಾ ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದರು. ಅತ್ತೆ ಕಣ್ಣು ತೆರೆದರು.

"ಆ ಪುಸ್ತಕ ನಾ ಓದೀನಿ ಬೇ."

"ಯಾವಾಗ್ರಿ ಅತ್ತಿ?"

"ಅವ್ರು ಡಿಪೋಕ್ಕ ಹೋದ ಮ್ಯಾಲ, ಒಲಿ ಮುಂದ ಕುಂತು. ಅದೊಂದ ಅಲ್ಲ, ಮನ್ಯಾಗ ಇದ್ದೂವೆಲ್ಲಾ ಓದೀನಿ. ಸವತಿ ಜೋಡಿ ಮಾತಾಡಲಾರದ ಒಂದ ಮನ್ಯಾಗ ಹೆಂಗ ಇರಾಕ ಆಕ್ಕೈತಿ?" ಎಂದು ತಮ್ಮ ಬೆರಳುಗಳನ್ನು ನೋಡಿಕೊಂಡು ನಕ್ಕರು. "ಪಾಪ, ಆ ಖಾನಾವಳಿಯವ್ರು ಸುಮ್ಮಸುಮ್ನ ಬೈಸ್ಕೊಂಡ್ರು."

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಹಂಗಾರ ಕಡೀಕ ಏನಾಕ್ಕೈತ್ರಿ?"

"ಹತ್ತಿ ಹೋಗತಾಳ. ನಡುಹೊಳ್ಯಾಗ ಒಮ್ಮೆ ತಿರುಗಿ ನೋಡತಾಳ. ಗಂಡ ದಂಡೀ ಮ್ಯಾಲ ನಿಂತಿರತಾನ, ಒಬ್ಬನ. ಅಲ್ಲಿಗೆ ಮುಗೀತು."

"ಹೇಳಬಾರದೇನ್ರಿ ಅತ್ತಿ! ಒಂದು ಮಾತು ಹೇಳಿದ್ರ ಅವ್ರು ಹಿಂಗ ಊರೂರು ತಿರುಗತಿದ್ರೇನು?"

ಅತ್ತೆ ಯಂತ್ರದ ಕಡೆ ನೋಡಿದರು. "ಅದನ್ನ ಅವ್ರ ಬಾಯಿಲೆ ಹೆಂಗ ಓದಸ್ಲಿ ಬೇ?"

ಅಷ್ಟರಲ್ಲಿ ಮಾಮಾ ಮೀಸೆ ಒರೆಸಿಕೊಳ್ಳುತ್ತ ಬಂದರು. ಸ್ಟೂಲು ಎಳೆದುಕೊಂಡು ಕುಳಿತು, ಏನೂ ಇಲ್ಲದ ಟ್ಯಾಬನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡರು.

"ಹಾಂ, ಎಲ್ಲಿಗೆ ಬಿಟ್ಟಿದ್ವಿ?"

"ಆಕಿ ತಿರುಗಿ ಮನಿಗೆ ಬಂದ್ಲಲ್ರಿ" ಎಂದರು ಅತ್ತೆ. "ಅಲ್ಲಿಂದ ಓದ್ರಿ."